ಮಾದಪ್ಪನ ಒಕ್ಕಲು, ವಾರಾಂತ್ಯದ ಕಾರು

ಕೊರೊನಾ ಕಾಲಿಡುವ ಮುಂಚಿನ ವರ್ಷ, ಅಂದರೆ 2019ರಲ್ಲಿ, ಭಾರತಕ್ಕೆ ಬಂದ ವಿದೇಶಿ ಪ್ರವಾಸಿಗರು ಸುಮಾರು 1.09 ಕೋಟಿ. ಅದೇ ವರ್ಷ ನಮ್ಮವರು ನಮ್ಮ ದೇಶದೊಳಗೇ ಮಾಡಿದ ಭೇಟಿಗಳು 230 ಕೋಟಿಗೂ ಹೆಚ್ಚು ಎಂದು ಸರ್ಕಾರದ ಲೆಕ್ಕ ಹೇಳುತ್ತದೆ. ಒಬ್ಬನೇ ಹತ್ತು ಸಲ ಹೋದರೆ ಹತ್ತು ಎಂದೇ ಎಣಿಸುವ ಲೆಕ್ಕ ಅದು. ಎಣಿಸುವ ರೀತಿಯೂ ರಾಜ್ಯಕ್ಕೊಂದು ಬಗೆ. ಏನೇ ಕಳೆದರೂ ದೇಶದ ಹೋಟೆಲು, ಬಸ್ಸು, ಹೂವಿನಂಗಡಿ ನಡೆಯುತ್ತಿರುವುದು ಯಾರ ದುಡ್ಡಿನಿಂದ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಪ್ರವಾಸೋದ್ಯಮದ ಮಾತು ಬಂದಾಗ ಮಾತ್ರ ನಮ್ಮ ಕಣ್ಣು ಹಂಪಿ, ಬೇಲೂರು, ರೆಸಾರ್ಟು, ಕ್ಯಾಮೆರಾಗಳ ಕಡೆಗೇ ಓಡುತ್ತದೆ.

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳನ್ನು ಈ ಪ್ರಶ್ನೆಯ ಮುಂದಿಟ್ಟು ನೋಡುವುದು ಒಳ್ಳೆಯದು. ಇಲ್ಲಿಗೆ ವಿದೇಶಿಯರು ಬರುವುದು ಬೆರಳೆಣಿಕೆ. ಬರುವವರು ಮಳವಳ್ಳಿ, ಮದ್ದೂರು, ಕನಕಪುರ, ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ರೈತರು, ಕೂಲಿಕಾರರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಗಡಿಯಾಚೆಯ ಮೆಟ್ಟೂರು, ಈರೋಡು, ಸತ್ಯಮಂಗಲದ ತಮಿಳರು. ಇವರನ್ನು ಯಾರೂ ಪ್ರವಾಸಿಗರು ಅನ್ನುವುದಿಲ್ಲ. ಅವರೂ ಅಂದುಕೊಳ್ಳುವುದಿಲ್ಲ. ‘ಬೆಟ್ಟಕ್ಕ ಹೋಗ್ಬುಟ್ಟು ಬತ್ತೀವಿ’ ಅನ್ನುತ್ತಾರೆ, ಅಷ್ಟೆ. ಯಾವ ಬೆಟ್ಟ ಎಂದು ಕೇಳುವ ಅಗತ್ಯವೂ ಈ ಸೀಮೆಯಲ್ಲಿಲ್ಲ. ಮೂರೂ ತಾಲ್ಲೂಕಿನ ಪ್ರವಾಸದ ಆರ್ಥಿಕತೆ ನಿಂತಿರುವುದು ಈ ಹರಕೆಯ ಜನರ ಮೇಲೆ. ಯೋಜನೆಗಳು ರೂಪುಗೊಳ್ಳುತ್ತಿರುವುದು ಶನಿವಾರ ಬೆಳಿಗ್ಗೆ ಬೆಂಗಳೂರಿನಿಂದ ಹೊರಡುವ ಕಾರಿಗಾಗಿ. ಈ ಎರಡರ ನಡುವಿನ ಕಂದಕವೇ ಇಲ್ಲಿನ ಮುಖ್ಯ ಸಮಸ್ಯೆ ಎಂಬುದು ನನ್ನ ಎಣಿಕೆ.

ಮಲೆ ಮಹದೇಶ್ವರ ಬೆಟ್ಟ ಕೊಳ್ಳೇಗಾಲದಿಂದ ಸುಮಾರು 80 ಕಿಲೋಮೀಟರು, ಹನೂರು ತಾಲ್ಲೂಕಿನ ಅಂಚಿನಲ್ಲಿದೆ. ಎಪ್ಪತ್ತೇಳು ಮಲೆಗಳ ಒಡೆಯ, ಹುಲಿಯ ಮೇಲೆ ಸವಾರಿ ಮಾಡುವ ಮಾಯ್ಕಾರ ಮಾದಪ್ಪನ ಜಾಗ. ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳಲ್ಲಿ ಇಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಆದರೆ ಜಾತ್ರೆಗಿಂತ ಹೆಚ್ಚಾಗಿ ಊರನ್ನು ಸಾಕುತ್ತಿರುವುದು ಅಮಾವಾಸ್ಯೆ. ತಿಂಗಳಿಗೊಮ್ಮೆ ತಪ್ಪದೆ ಬರುವ ಎಣ್ಣೆಮಜ್ಜನದ ಸೇವೆಗೆ ಮುನ್ನಾದಿನವೇ ಬಸ್ಸು ಹತ್ತಿ ಬಂದು ರಾತ್ರಿ ತಂಗುವವರು ಸಾವಿರ ಸಾವಿರ. ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಹೋಟೆಲಿನವರು ಸೀಸನ್ನಿಗೆ ಕಾಯಬೇಕು. ಇಲ್ಲಿ ಪಂಚಾಂಗವೇ ವರ್ಷವಿಡೀ ಗಿರಾಕಿಗಳನ್ನು ಹಂಚಿ ಕಳಿಸುತ್ತದೆ. ತೆಂಗಿನಕಾಯಿ ಮಾರುವವನಿಗೆ, ಬಾಡಿಗೆ ಜೀಪಿನವನಿಗೆ, ಕೌದಳ್ಳಿ–ರಾಮಾಪುರದ ದಿನಸಿ ಅಂಗಡಿಗೆ, ಹನೂರಿನ ಟೀ ಹೋಟೆಲಿಗೆ ಅಮಾವಾಸ್ಯೆ ಯಾವತ್ತೆಂದು ಕ್ಯಾಲೆಂಡರು ನೋಡಿ ತಿಳಿಯಬೇಕಿಲ್ಲ.

ಈ ಭಕ್ತ ಖರ್ಚು ಮಾಡುವ ರೀತಿಯೇ ಬೇರೆ. ಅವನು ರೂಮಿಗೆ ಹೆಚ್ಚು ಕೊಡುವವನಲ್ಲ. ದೇವಸ್ಥಾನದ ಅಂಗಳದಲ್ಲೋ ಛತ್ರದಲ್ಲೋ ಮಲಗುತ್ತಾನೆ. ದಾಸೋಹದಲ್ಲಿ ಉಣ್ಣುತ್ತಾನೆ, ಇಲ್ಲವೇ ಅಕ್ಕಿ, ಬೇಳೆ, ಖಾರದಪುಡಿ ಕಟ್ಟಿಕೊಂಡು ಬಂದು ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಾನೆ. ಹೋಟೆಲು ಉದ್ಯಮದ ಕಣ್ಣಿಗೆ ಅವನು ಬಡ ಗಿರಾಕಿ. ಆದರೆ ಮುಡಿ ತೆಗೆಯುವವನ ಕೂಲಿ, ಹುಲಿವಾಹನ, ಬಸವವಾಹನ, ರುದ್ರಾಕ್ಷಿ ಮಂಟಪದ ಸೇವೆಯ ರಸೀದಿ, ಲಾಡು, ಹುಂಡಿಗೆ ಹಾಕುವ ಕಾಣಿಕೆ, ಮಕ್ಕಳಿಗೆ ಪೀಪಿ, ಮನೆಗೆ ಕಡ್ಲೆಪುರಿ ಎಲ್ಲಾ ಸೇರಿಸಿದರೆ ಮೊತ್ತ ದೊಡ್ಡದು; ತಿಂಗಳ ಹುಂಡಿ ಎಣಿಕೆಯೊಂದೇ ಕೋಟಿ ದಾಟುತ್ತದೆ. ಒಬ್ಬೊಬ್ಬನ ಖರ್ಚು ಚಿಕ್ಕದು, ಬರುವುದು ಮತ್ತೆ ಮತ್ತೆ. ಮಗ ಹುಟ್ಟಿದಾಗ ಬಂದವನು ಮಗನ ಮುಡಿಗೆ ಬರುತ್ತಾನೆ, ಬೋರ್‌ವೆಲ್ಲಿನಲ್ಲಿ ನೀರು ಬಿದ್ದರೆ ಬರುತ್ತಾನೆ, ಬೀಳದಿದ್ದರೂ ಬರುತ್ತಾನೆ. ಎಷ್ಟು ಜಾಹೀರಾತು ಕೊಟ್ಟರೂ ಇಂಥ ಗಿರಾಕಿಯನ್ನು ಹುಟ್ಟಿಸಲಾಗದು.

2023ರ ಜೂನ್ 11ರಂದು ಶುರುವಾದ, ಹೆಂಗಸರಿಗೆ ಸರ್ಕಾರಿ ಬಸ್ಸನ್ನು ಉಚಿತ ಮಾಡಿದ ಶಕ್ತಿ ಯೋಜನೆ ಈ ಚಿತ್ರವನ್ನು ಇನ್ನಷ್ಟು ಬದಲಿಸಿತು. ಬಸ್ ಚಾರ್ಜಿಗೆ ಗಂಡನ ಜೇಬು ನೋಡಬೇಕಾಗಿದ್ದ ಹೆಂಗಸರು ನಾಲ್ಕೈದು ಮಂದಿ ಗುಂಪು ಕಟ್ಟಿಕೊಂಡು ಬೆಟ್ಟಕ್ಕೆ ಬರತೊಡಗಿದರು. ಯೋಜನೆಯ ಖರ್ಚುವೆಚ್ಚದ ಜಗಳ ಬೇರೆ. ಟಿಕೆಟ್ಟಿನಲ್ಲಿ ಉಳಿದ ದುಡ್ಡು ಬೆಟ್ಟದ ಬಳೆ ಅಂಗಡಿಗೆ, ಹೂವಿನವಳಿಗೆ ಹೋಯಿತು ಎನ್ನುವುದನ್ನು ಮಾತ್ರ ಅಂಗಡಿ ಸಾಲಿನಲ್ಲಿ ಅರ್ಧ ಗಂಟೆ ನಿಂತು ನೋಡಿದ ಯಾರೂ ಅಲ್ಲಗಳೆಯಲಾರರು. ದೇಶೀಯ ಪ್ರವಾಸಕ್ಕೆ ಸಿಕ್ಕ ಅತಿ ದೊಡ್ಡ ಪ್ರೋತ್ಸಾಹ ಪ್ರವಾಸೋದ್ಯಮ ಇಲಾಖೆಯಿಂದಲ್ಲ, ಸಾರಿಗೆ ಇಲಾಖೆಯಿಂದ ಬಂತು.

ಈ ಓಡಾಟದ ಸಾಂಸ್ಕೃತಿಕ ಬೆಲೆಯನ್ನು ಹುಂಡಿಯಿಂದ ಅಳೆಯಲಾಗದು. ದೇವರಗುಡ್ಡರು ಹಾಡುವ ಮಾದೇಶ್ವರನ ಕಾವ್ಯ ಕನ್ನಡದ ದೊಡ್ಡ ಮೌಖಿಕ ಕಾವ್ಯಗಳಲ್ಲಿ ಒಂದು. ಪಿ.ಕೆ. ರಾಜಶೇಖರ ಅವರ ಸಂಗ್ರಹ 1973ರಲ್ಲಿ ಅಚ್ಚಾದ ಮೇಲೆ ವಿದ್ವಾಂಸರ ಕಣ್ಣು ಇದರ ಮೇಲೆ ಬಿತ್ತು; ಮುಂದೆ ಇಂಗ್ಲಿಷಿಗೂ ಹೋಯಿತು. ಕಾವ್ಯ ಉಳಿದದ್ದು ಪುಸ್ತಕದಿಂದಲ್ಲ. ದೇವರಗುಡ್ಡ ತನ್ನ ಒಕ್ಕಲುಗಳ ಊರೂರಿಗೆ ಹೋಗಿ, ಜಗಲಿಯ ಮೇಲೆ ಕೂತು, ರಾತ್ರಿಯಿಡೀ ಒಂದೊಂದೇ ಸಾಲು ಬಿಡಿಸಿ ಹಾಡುತ್ತಾನೆ. ಎಡಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ, ಅದರ ತುದಿಗೆ ಗೊಂಡೆ. ಕೂತು ಹಾಡುವಾಗ ತಾಳ ಬಟ್ಟಲನ್ನು ಮೆಲ್ಲಗೆ ಮುಟ್ಟುತ್ತದೆ. ಎದ್ದು ಬೀಸು ಕಂಸಾಳೆಗೆ ನಿಂತರೆ ಅದೇ ತಾಳ ತಲೆಯ ಮೇಲೆ, ಬೆನ್ನ ಹಿಂದೆ, ಮಂಡಿಯ ಕೆಳಗೆ ಗಾಳಿ ಸೀಳಿಕೊಂಡು ಹೋಗಿ ತಪ್ಪದೆ ಬಟ್ಟಲಿಗೇ ಬಂದು ಬಡಿಯುತ್ತದೆ. ಸೋಲಿಗರ ಸಂಕಮ್ಮ, ಬೇವಿನಹಟ್ಟಿ ಕಾಳಮ್ಮ, ಗುಡಿ ಕಟ್ಟಿಸಿದ ಆಲಂಬಾಡಿಯ ಜುಂಜೇಗೌಡ ಎಲ್ಲ ಈ ಹಾಡಿನಲ್ಲಿ ಬರುತ್ತಾರೆ. ಕೇಳಿದ ಊರು ಹರಕೆ ಹೊರುತ್ತದೆ, ಹರಕೆ ಬೆಟ್ಟಕ್ಕೆ ಎಳೆದು ತರುತ್ತದೆ. ಪ್ರವಾಸೋದ್ಯಮದವರ ಭಾಷೆಯಲ್ಲಿ ಹೇಳುವುದಾದರೆ ಮಾರ್ಕೆಟಿಂಗ್ ವಿಭಾಗ ನೂರಾರು ವರ್ಷಗಳಿಂದ ಸಂಬಳವಿಲ್ಲದೆ ದುಡಿಯುತ್ತಿದೆ.

ಪೂಜೆಯ ಹಕ್ಕು ಬೇಡಗಂಪಣರದು. ದೀಪಾವಳಿಯ ಹಾಲರವಿ ಉತ್ಸವದಲ್ಲಿ ಆ ಕುಲದ 101 ಹೆಣ್ಣುಮಕ್ಕಳು ಉಪವಾಸವಿದ್ದು ಹಳ್ಳದಿಂದ ಕಳಶದ ನೀರು ಹೊತ್ತು ಬರುತ್ತಾರೆ. ಇದನ್ನೇ ಫೋಟೊ ಹಿಡಿಯಲು ಈಗ ಬೆಂಗಳೂರಿನಿಂದ ಜನ ಬರುವುದುಂಟು. ಬರಲಿ. ಆದರೆ ಕುಲದ ಮಕ್ಕಳಿಗೆ ಅದು ವ್ರತ, ನೋಡುವವರಿಗೆ ದೃಶ್ಯ. ಎರಡೂ ಒಂದೇ ದಾರಿಯಲ್ಲಿ ನಡೆಯಬೇಕಾದಾಗ ಹಗ್ಗ ಕಟ್ಟಿ ನಿಲ್ಲಿಸುವ ಪೊಲೀಸರಷ್ಟೇ ಅಲ್ಲ, ಒಂದಿಷ್ಟು ಸಂಕೋಚವೂ ಬೇಕಾಗುತ್ತದೆ. 2023ರ ಮಾರ್ಚಿನಲ್ಲಿ 108 ಅಡಿ ಎತ್ತರದ ಮಹದೇಶ್ವರನ ವಿಗ್ರಹ ಎದ್ದು ನಿಂತಿತು. ಸೆಲ್ಫಿಗೆ ಅನುಕೂಲವಾಗಿದೆ. ಎಣ್ಣೆಮಜ್ಜನಕ್ಕೆ ಬಂದ ಮದ್ದೂರಿನ ಅಜ್ಜಿಗೆ ಬೇಕಾಗಿದ್ದುದು ಇನ್ನೊಂದಿಷ್ಟು ಶೌಚಾಲಯ ಮತ್ತು ಕಾಲು ಸುಡದ ನೆಲ.

ಈ ಸೀಮೆಯ ಇನ್ನೊಂದು ದೊಡ್ಡ ಪರಂಪರೆ ಮಂಟೇಸ್ವಾಮಿಯದು. ಜನವರಿಯ ಹುಣ್ಣಿಮೆಯ ಹೊತ್ತಿಗೆ ಚಿಕ್ಕಲ್ಲೂರಿನಲ್ಲಿ ಅವನ ಶಿಷ್ಯ ಸಿದ್ದಪ್ಪಾಜಿಯ ಜಾತ್ರೆ ಐದು ದಿನ ನಡೆಯುತ್ತದೆ. ಮೊದಲ ರಾತ್ರಿ ಕಟ್ಟಿ ನಿಲ್ಲಿಸಿದ ಚಂದ್ರಮಂಡಲಕ್ಕೆ ಬೆಂಕಿ ಹೊತ್ತಿಕೊಳ್ಳುತ್ತದೆ. ಅದು ಯಾವ ದಿಕ್ಕಿಗೆ ಹೆಚ್ಚು ಉರಿಯಿತೋ ಆ ಕಡೆ ಆ ವರ್ಷ ಮಳೆ ಬೆಳೆ ಚೆನ್ನ ಎಂದು ಜನ ಓದಿಕೊಳ್ಳುತ್ತಾರೆ. ಈ ಪರಂಪರೆಯ ಹಾಡುಗಾರರಾದ ನೀಲಗಾರರು ಮಂಟೇಸ್ವಾಮಿಯನ್ನು ಪರಂಜ್ಯೋತಿ, ಧರೆಗೆ ದೊಡ್ಡವರು ಎಂದು ಹಾಡುತ್ತಾರೆ. ನಾಲ್ಕನೆಯ ದಿನ ಪಂಕ್ತಿಸೇವೆ: ಜಾತಿಯ ಭೇದವಿಲ್ಲದೆ ಸಾಲಾಗಿ ಕೂತು ಬಾಡೂಟ ಉಣ್ಣುವುದು. ಈಚಿನ ವರ್ಷಗಳಲ್ಲಿ ಪ್ರಾಣಿಬಲಿ ತಡೆ ಕಾಯ್ದೆಯ ಹೆಸರಿನಲ್ಲಿ ಜಿಲ್ಲಾಡಳಿತ ಜಾತ್ರೆಯ ದಾರಿಗಳಲ್ಲಿ ಚೆಕ್‌ಪೋಸ್ಟ್ ಹಾಕಿ ಆಡು ಕುರಿ ಕೋಳಿ ತಡೆಯುವುದು, ಇದು ಬಲಿಯಲ್ಲ ಊಟ ಎಂದು ಒಕ್ಕಲುಗಳು ವಾದಿಸುವುದು ಪ್ರತಿ ಜಾತ್ರೆಯ ಭಾಗವೇ ಆಗಿದೆ. ಕಾನೂನಿನ ಮಾತು ಕಾನೂನಿಗೆ. ಆದರೆ ಸಂಸ್ಕೃತಿಯನ್ನು ಪ್ರವಾಸಿ ಆಕರ್ಷಣೆ ಎಂದು ಮಾರಲು ಹೊರಟ ಆಡಳಿತ, ಆ ಸಂಸ್ಕೃತಿಯ ಎದೆಯಲ್ಲಿರುವ ಸಹಪಂಕ್ತಿಯ ಊಟವನ್ನು ಮುಜುಗರದ ವಿಷಯವನ್ನಾಗಿ ಕಂಡರೆ ಉಳಿಯುವುದು ವೇದಿಕೆಯ ಮೇಲಿನ ಜಾನಪದ ನೃತ್ಯ ಮಾತ್ರ. ಮಂಟೇಸ್ವಾಮಿಯ ಕಥೆಯನ್ನು ಎಚ್.ಎಸ್. ಶಿವಪ್ರಕಾಶ್ ನಾಟಕವಾಗಿಸಿದಾಗ ಊರೂರಲ್ಲಿ ಚಪ್ಪಾಳೆ ಬಿತ್ತು. ಆ ಕಥೆಯನ್ನು ಬದುಕುತ್ತಿರುವ ಒಕ್ಕಲು ಕೋಳಿ ಹಿಡಿದು ಬಂದರೆ ತಡೆ ಬೀಳುತ್ತದೆ.

ಯಳಂದೂರಿನ ಕಡೆಗೆ ತಿರುಗಿದರೆ ಚಿತ್ರ ಬೇರೆ. ಇಲ್ಲಿಂದ 24 ಕಿಲೋಮೀಟರಿನಲ್ಲಿ ಬಿಳಿಗಿರಿರಂಗನ ಬೆಟ್ಟ. ಕಾಡೆಲ್ಲ ಹುಲಿ ಸಂರಕ್ಷಿತ ಪ್ರದೇಶ; 1974ರಲ್ಲಿ ಅಭಯಾರಣ್ಯವಾಗಿದ್ದು 2011ರಲ್ಲಿ ಹುಲಿ ಯೋಜನೆಗೆ ಸೇರಿತು. ಬೆಟ್ಟದ ರಂಗನಾಥ ಕಾಡಿನ ಸೋಲಿಗ ಬುಡಕಟ್ಟಿನ ಕುಸುಮಾಲೆಯನ್ನು ಮದುವೆಯಾದವನು, ಹಾಗಾಗಿ ಸೋಲಿಗರಿಗೆ ಅವನು ರಂಗಭಾವ. ಬೂದಿತಿಟ್ಟಿನವರು ಅವನಿಗೆ ಭಾರಿ ಅಳತೆಯ ಚರ್ಮದ ಪಾದರಕ್ಷೆ ಮಾಡಿ ತಂದು ಒಪ್ಪಿಸುವ ಪದ್ಧತಿ ಇನ್ನೂ ಇದೆ. ರಾತ್ರಿ ದೇವರು ಕಾಡು ತಿರುಗಿ ಬರುವುದರಿಂದ ಮೆಟ್ಟು ಸವೆಯುತ್ತದಂತೆ. ಶ್ರೀವೈಷ್ಣವ ಪೂಜೆ, ಕಾಡಿನ ನೆಂಟಸ್ತನ, ಚಮ್ಮಾರಿಕೆಯ ಸೇವೆ ಒಂದೇ ಗುಡಿಯಲ್ಲಿ ಕೂಡಿರುವುದು ಇಲ್ಲಿನ ವಿಶೇಷ. ಬೆಟ್ಟಕ್ಕೆ ಬರುವ ಬಹುಪಾಲು ಪ್ರವಾಸಿಗರು ದೇವರಿಗೆ ಕೈಮುಗಿದು, ಆನೆ ಕಂಡಿತೇ ಎಂದು ರಸ್ತೆಯ ಎರಡೂ ಬದಿ ನೋಡುತ್ತ ಸಂಜೆ ಗೇಟು ಮುಚ್ಚುವುದರೊಳಗೆ ಇಳಿದುಬಿಡುತ್ತಾರೆ. ಸೋಲಿಗರು ದೊಡ್ಡ ಸಂಪಿಗೆ ಮರದ ಬುಡದಲ್ಲಿ ಪೂಜೆ ಮಾಡುತ್ತಾರೆ ಎಂಬುದನ್ನು ಕೇಳಿಯೇ ಇರುವುದಿಲ್ಲ.

ಸೋಲಿಗರಿಗೆ ಈ ಪ್ರವಾಸದಿಂದ ಏನು ಸಿಕ್ಕಿತು? ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆ, ಆಸ್ಪತ್ರೆಗಳು ಪ್ರವಾಸಿಗರನ್ನು ನಂಬಿ ಹುಟ್ಟಿದವಲ್ಲ. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿದ್ದು, ಅದೂ ಹುಲಿ ಸಂರಕ್ಷಿತ ಪ್ರದೇಶದ ಒಳಗೆ, ದೇಶದಲ್ಲೇ ದೊಡ್ಡ ಸುದ್ದಿಯಾಯಿತು. ಜೇನು, ನೆಲ್ಲಿ, ಪಾಚಿ ಸಂಗ್ರಹಕ್ಕೆ, ಕಾಫಿ ಗಿಡಕ್ಕೆ ಬಲ ಬಂದದ್ದು ಆ ಹೋರಾಟದಿಂದ. ಕೆ. ಗುಡಿಯ ಜಂಗಲ್ ಲಾಡ್ಜಿನ ಸಫಾರಿಯಲ್ಲಿ ಕಾಣುವ ಸೋಲಿಗ ಡ್ರೈವರೋ ಕಾವಲಿನವನೋ ಆಗಿರುತ್ತಾನೆ. ಹೆಜ್ಜೆ ನೋಡಿ ಪ್ರಾಣಿಯ ವಯಸ್ಸು ಹೇಳಬಲ್ಲವನಿಗೆ ಆ ತಿಳಿವಳಿಕೆಯ ಮೇಲೆ ಸಂಬಳ ನಿಗದಿಯಾಗಿರುವುದಿಲ್ಲ. ಕಾಡು ನೋಡಲು ಕೊಡುವ ದುಡ್ಡು ಎಲ್ಲಿಗೆ ಹೋಗುತ್ತದೆ, ಕಾಡು ಬಲ್ಲವರ ಪಾಲೆಷ್ಟು ಎನ್ನುವುದು ಬಿಳಿಗಿರಿಯ ಮೇಲೆ ಯಾವಾಗಲೂ ಕೇಳಬೇಕಾದ ಪ್ರಶ್ನೆ.

ಯಳಂದೂರು ಪೇಟೆಯನ್ನಂತೂ ಪ್ರವಾಸಿಗರು ಕಾರಿನ ಗಾಜಿನಿಂದಲೇ ದಾಟುತ್ತಾರೆ. ಗೌರೀಶ್ವರ ದೇವಸ್ಥಾನದ ಬಳೆಮಂಟಪದ ಮೂಲೆಗಳಲ್ಲಿ ಕಲ್ಲಿನದೇ ಬಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ತೂಗುತ್ತವೆ. ಬಸ್‌ಸ್ಟಾಂಡಿನಿಂದ ನಡೆದು ಹೋಗುವಷ್ಟೇ ದೂರ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಊರು ಇದು. ಹದಿಬದೆಯ ಧರ್ಮ ಬರೆದ ಸಂಚಿ ಹೊನ್ನಮ್ಮನ ಊರೂ ಇದೇ, ಷಡಕ್ಷರದೇವನ ನೆನಪಿನ ಊರೂ ಇದೇ. ಅರ್ಧ ದಿನ ತಂಗಲು ಸಾಕಷ್ಟು ಕಾರಣವಿರುವ ಊರಿನಲ್ಲಿ ಅರ್ಧ ಗಂಟೆ ನಿಲ್ಲುವಂತೆ ಮಾಡುವ ಒಂದು ಫಲಕವಿದ್ದರೂ ಟೀ ಅಂಗಡಿಗಳಿಗೆ ಲಾಭ.

ಕೊಳ್ಳೇಗಾಲದ ಮಾತು ಸ್ವಲ್ಪ ತಮಾಷೆಯದು. ರೇಷ್ಮೆಗೆ ಹೆಸರಾದ ಪೇಟೆ. 1956ರ ನವೆಂಬರ್ 1ರವರೆಗೆ ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಆ ಸೀಮೆಯ ಹಿಪ್ಪುನೇರಳೆಗೆ ಇದೇ ಮುಖ್ಯ ನೆಲವಾಗಿತ್ತು. ಡಾ. ರಾಜ್‌ಕುಮಾರ್ ಅವರ ತಂದೆಯ ಊರು ಸಿಂಗಾನಲ್ಲೂರು ಈ ತಾಲ್ಲೂಕಿನಲ್ಲೇ ಇದೆ. ಹೊರಗಿನವರು ಕೊಳ್ಳೇಗಾಲ ಎಂದಾಕ್ಷಣ ನೆನೆಯುವುದು ಮಾತ್ರ ಮಾಟ–ಮಂತ್ರ. ಸಿನಿಮಾದವರು ಅದಕ್ಕೆ ಉಪ್ಪು ಖಾರ ಹಾಕಿದ್ದಾರೆ. ದೂರದೂರಿಂದ ಯಂತ್ರ ತಾಯತ ಹುಡುಕಿಕೊಂಡು ಗುಟ್ಟಾಗಿ ಬಂದು ಹೋಗುವವರು ಯಾವ ಪ್ರವಾಸಿ ಪಟ್ಟಿಗೂ ಸೇರುವುದಿಲ್ಲ, ಆದರೂ ಲಾಡ್ಜಿನಲ್ಲಿ ರೂಮು ಮಾಡುತ್ತಾರೆ. ಸೀರೆ ಕೊಳ್ಳಲು ಬರುವವರನ್ನು ಅಷ್ಟೇ ಸಂಖ್ಯೆಯಲ್ಲಿ ಕರೆತರಲು ನೇಕಾರರಿಗೆ ಆಗಿಲ್ಲ ಎನ್ನುವುದು ಈ ತಮಾಷೆಯ ಕಹಿ ಭಾಗ.

ಶಿವನಸಮುದ್ರದ ಭರಚುಕ್ಕಿ ಕೊಳ್ಳೇಗಾಲ ತಾಲ್ಲೂಕಿಗೆ, ಗಗನಚುಕ್ಕಿ ಮಂಡ್ಯದ ಮಳವಳ್ಳಿಗೆ. 1902ರಲ್ಲಿ ಇಲ್ಲಿನ ನೀರಿನಿಂದಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಕಾರಿನ ಪ್ರವಾಸಿಯ ಅಚ್ಚುಮೆಚ್ಚಿನ ತಾಣವಾದರೂ ಜಲಪಾತ ಮೈದುಂಬುವುದು ಕಬಿನಿ, ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ, ಹೆಚ್ಚೆಂದರೆ ಮೂರು ತಿಂಗಳು. ಬಂದವರು ನಿಲ್ಲುವುದು ಎರಡು ಗಂಟೆ. ಪಾರ್ಕಿಂಗು, ಜೋಳ, ಮೀನು, ಮತ್ತೆ ಬೆಂಗಳೂರು ದಾರಿ. ಬಿಟ್ಟು ಹೋಗುವುದರಲ್ಲಿ ದುಡ್ಡಿಗಿಂತ ಪ್ಲಾಸ್ಟಿಕ್ಕೇ ಜಾಸ್ತಿ. ಅದೇ ದ್ವೀಪದ ಮಧ್ಯರಂಗನ ಗುಡಿಗೂ ಮರ್ದಾನೆ ಗೈಬ್ ದರ್ಗಾಕ್ಕೂ ವರ್ಷವಿಡೀ ಬರುವವರು ಬೇರೆಯೇ ಜನ. ದರ್ಗಾಕ್ಕೆ ಬರುವವರಲ್ಲಿ ಹಿಂದೂಗಳೂ ಇರುತ್ತಾರೆ. ಕಾವೇರಿಯ ಪ್ರವಾಹಕ್ಕೆ ಈಚೆಗೆ ಪೆಟ್ಟು ತಿಂದ ವೆಸ್ಲಿ ಸೇತುವೆ, ಸಾಲುಗಲ್ಲಿನ ಆ ಹಳೇ ಕೆಲಸ, ಜಲಪಾತೋತ್ಸವದ ದೀಪಾಲಂಕಾರಕ್ಕಿಂತ ಮೊದಲು ದುರಸ್ತಿಯಾಗಬೇಕಾದ ಆಸ್ತಿ.

ಹನೂರು ತಾಲ್ಲೂಕಿನ ಬಹುಭಾಗಕ್ಕೆ ಎರಡು ದಶಕಗಳ ಕಾಲ ಯಾರೂ ಸುಖಾಸುಮ್ಮನೆ ಬರುತ್ತಿರಲಿಲ್ಲ. ಕಾಡುಗಳ್ಳ ವೀರಪ್ಪನ್ ಹುಟ್ಟಿದ ಗೋಪಿನಾಥಂ ಇಲ್ಲೇ ಇದೆ. 1991ರ ನವೆಂಬರಿನಲ್ಲಿ ಅವನು ಕೊಂದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, 1992ರ ಆಗಸ್ಟಿನಲ್ಲಿ ಮಿಣ್ಯಂ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಶಕೀಲ್ ಅಹಮದ್, 1993ರ ಏಪ್ರಿಲಿನಲ್ಲಿ ಪಾಲಾರ್ ಸ್ಫೋಟ, 2002ರಲ್ಲಿ ಕಾಮಗೆರೆಯಿಂದ ಅಪಹೃತರಾದ ಮಾಜಿ ಸಚಿವ ಎಚ್. ನಾಗಪ್ಪ: ಹೆಸರುಗಳ ಸಾಲು ಇಲ್ಲಿನವರಿಗೆ ಬಾಯಿಪಾಠ. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತ ನಂತರ ಕಾಡುದಾರಿ ತೆರೆಯಿತು. ಈಗ ಗೋಪಿನಾಥಂನಲ್ಲಿ ಸರ್ಕಾರಿ ಜಂಗಲ್ ಲಾಡ್ಜಿನ ಬಿಡಾರವೇ ಇದೆ. ಬರುವವರಿಗೆ ಬೇಕಾಗಿರುವುದು ಬಹುಪಾಲು ಕಳ್ಳನ ಕಥೆ. ಊರಿನವರಿಗಾಗಿ ಮಾರಮ್ಮನ ಗುಡಿ ಕಟ್ಟಿಸಿ, ಶರಣಾಗತಿಯ ಮಾತು ನಂಬಿ ಬರಿಗೈಯಲ್ಲಿ ಹೋಗಿ ಸತ್ತ ಶ್ರೀನಿವಾಸರನ್ನು ಊರು ಇಂದಿಗೂ ಪೂಜಿಸುತ್ತದೆ. ಆ ಕಥೆಯನ್ನು ಮುಂದಿಟ್ಟು ಪ್ರವಾಸ ಕಟ್ಟಬಹುದು, ಕಟ್ಟಬೇಕು. ಇದೇ ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಲ್ಲಿ ನೆಲೆಸಿದ ಟಿಬೆಟನ್ನರ ಹಳ್ಳಿಗಳಿವೆ, ಜೋಗ್‌ಚೆನ್ ವಿಹಾರವಿದೆ. ಬೈಲಕುಪ್ಪೆಗೆ ಹೋಗುವ ಜನಸಂದಣಿ ಇಲ್ಲಿಗಿನ್ನೂ ಬಂದಿಲ್ಲ.

ಚಿಕ್ಕ ಗುಡಿಯಲ್ಲೂ ದುಡ್ಡು ಓಡಾಡತೊಡಗಿದರೆ ಏನಾಗಬಹುದು ಎನ್ನುವುದಕ್ಕೆ ಸುಳ್ವಾಡಿಗಿಂತ ಘೋರ ಉದಾಹರಣೆ ಬೇಡ. 2018ರ ಡಿಸೆಂಬರ್ 14ರಂದು ಕಿಚ್ಚುಗುತ್ತಿ ಮಾರಮ್ಮನ ಪ್ರಸಾದ ತಿಂದ 17 ಮಂದಿ ಸತ್ತರು. ಗುಡಿಯ ಆಡಳಿತದ ಹಿಡಿತಕ್ಕಾಗಿ ವಿಷ ಬೆರೆಸಿದರು ಎನ್ನುವುದು ಪೊಲೀಸರ ಆರೋಪ. ಭಕ್ತರ ಸಂಖ್ಯೆ ಏರುತ್ತಿರುವ ಪ್ರತಿ ಗುಡಿಗೂ ಲೆಕ್ಕಪತ್ರ, ಅಡುಗೆಮನೆ ಎರಡರ ಮೇಲೂ ಹೊರಗಿನ ಕಣ್ಣಿರಬೇಕೆಂದು ಅಂದು ಎಲ್ಲರೂ ಹೇಳಿದ್ದರು.

ಮಲೆ ಮಹದೇಶ್ವರ ಬೆಟ್ಟದ ಸುತ್ತಲ ಕಾಡು 2013ರಿಂದ ಅಭಯಾರಣ್ಯ, 900 ಚದರ ಕಿಲೋಮೀಟರಿಗೂ ಹೆಚ್ಚು. ಮಾದಪ್ಪನ ವಾಹನ ಹುಲಿ. ಅದೇ ಮಾದಪ್ಪನ ಕಾಡಿನ ಹೂಗ್ಯಂ ವಲಯದಲ್ಲಿ 2025ರ ಜೂನ್‌ನಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ವಿಷಕ್ಕೆ ಬಿದ್ದು ಸತ್ತವು. ಹಸು ಕಳೆದುಕೊಂಡ ಸಿಟ್ಟು ಅದರ ಹಿಂದಿತ್ತು. ಕಾಡಂಚಿನವನಿಗೆ ಹುಲಿಯಿಂದ ಬರುವುದು ನಷ್ಟ ಮಾತ್ರ, ಹುಲಿ ನೋಡಲು ಬರುವವರ ದುಡ್ಡು ಬೇರೆಲ್ಲೋ ಇಳಿಯುತ್ತದೆ ಎಂದಾದರೆ ಭಕ್ತಿಯೊಂದೇ ಹುಲಿಯನ್ನು ಕಾಯಲಾರದು. ಲಂಟಾನ ಕಡ್ಡಿಯಿಂದ ಕುರ್ಚಿ, ಬುಟ್ಟಿ, ಆಟಿಕೆ ಮಾಡುವ ಕೆಲಸವನ್ನು ಏಟ್ರೀ ಸಂಸ್ಥೆ ಇಲ್ಲಿನ ಸೋಲಿಗರಿಗೆ ಕಲಿಸಿದ್ದು ಒಂದು ಒಳ್ಳೆಯ ದಾರಿ. ಕಾಡಿಗೆ ಕಂಟಕವಾದ ಗಿಡ ಮನೆಗೆ ಅನ್ನವಾಯಿತು. ದೇವಸ್ಥಾನದ ಅಂಗಡಿ ಸಾಲಿನಲ್ಲಿ ದೊಡ್ಡದಾಗಿ ಮಾರಾಟವಾಗಬೇಕಾದ ಸರಕು ಅದು.

ರಾಜಕಾರಣಿಗಳಿಗೂ ಈ ಬೆಟ್ಟದ ಮೇಲೆ ಒಲವು. ಚಾಮರಾಜನಗರ ಪಟ್ಟಣಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಭಯದಲ್ಲಿ 1997ರಲ್ಲಿ ಜೆ.ಎಚ್. ಪಟೇಲರು ಹೊಸ ಜಿಲ್ಲೆಯನ್ನು ಮಲೆ ಮಹದೇಶ್ವರ ಬೆಟ್ಟದಲ್ಲೇ ಉದ್ಘಾಟಿಸಿದರು. 2025ರ ಏಪ್ರಿಲ್ 24ರಂದು ಇಡೀ ಸಚಿವ ಸಂಪುಟವೇ ಬೆಟ್ಟ ಹತ್ತಿ ಸಭೆ ನಡೆಸಿತು. 1990ರ ದಶಕದಲ್ಲಿ ಮಂಜೂರಾದ ಕನಕಪುರ–ಕೊಳ್ಳೇಗಾಲ–ಚಾಮರಾಜನಗರ ರೈಲು ಮಾರ್ಗ ಮಾತ್ರ ಇನ್ನೂ ಕಾಗದದ ಮೇಲೇ ಓಡುತ್ತಿದೆ.

ಬೆಟ್ಟದಿಂದ ನಾಗಮಲೆಗೆ ಹೋಗುವ ದಾರಿಯಲ್ಲಿ ಇಂಡಿಗನತ್ತ ಎಂಬ ಹಳ್ಳಿಯಿದೆ. ಭಕ್ತರು ತಲೆಮಾರುಗಳಿಂದ ಆ ದಾರಿಯಲ್ಲಿ ನಡೆದಿದ್ದಾರೆ. ಆಮೇಲೆ ಚಾರಣದ ಹುಡುಗರು ಬಂದರು, ಜೀಪುಗಳು ಬಂದವು, ಮಜ್ಜಿಗೆ ಮಾರುವ ಗೂಡಂಗಡಿಗಳು ಹುಟ್ಟಿದವು. ಸಂದಣಿ ಮೀರಿತೆಂದು ಅರಣ್ಯ ಇಲಾಖೆಯ ನಿರ್ಬಂಧ ಬಿದ್ದಾಗ ಮೊದಲು ಬಡವಾದದ್ದು ಆ ಗೂಡಂಗಡಿಗಳು. ರಸ್ತೆ, ನೀರು, ಕರೆಂಟಿಗಾಗಿ ಕಾದು ಸಾಕಾದ ಊರು 2024ರ ಏಪ್ರಿಲ್ 26ರ ಲೋಕಸಭಾ ಮತದಾನದ ದಿನ ಮತಗಟ್ಟೆಯನ್ನೇ ಒಡೆದು ಹಾಕಿತು. ಮೂರು ದಿನ ಬಿಟ್ಟು ಮರುಮತದಾನ ನಡೆದಾಗ ಬಂಧನದ ಹೆದರಿಕೆಗೆ ಊರು ಬಿಕೋ ಎನ್ನುತ್ತಿತ್ತು. ಮತಗಟ್ಟೆ ಒಡೆದದ್ದು ತಪ್ಪೇ. ಆದರೆ ಕೋಟಿಗಳ ಹುಂಡಿಯಿರುವ ಬೆಟ್ಟದಿಂದ ಕೆಲವೇ ಕಿಲೋಮೀಟರು ದೂರದಲ್ಲಿ, ರೋಗಿಗಳನ್ನು ಡೋಲಿಯಲ್ಲಿ ಹೊರುವ ಹಳ್ಳಿಗಳಿರುವುದನ್ನು ಪ್ರವಾಸೋದ್ಯಮದ ಯಾವ ವರದಿಯೂ ಹೇಳಲಿಲ್ಲ. ಮಕ್ಕಳನ್ನು ಶಾಲೆಗೆ, ರೋಗಿಗಳನ್ನು ಆಸ್ಪತ್ರೆಗೆ ಒಯ್ಯಲು ಅರಣ್ಯ ಇಲಾಖೆ ಓಡಿಸುವ ಜನವನ ಸೇತುವೆ ಸಾರಿಗೆಯ ಜೀಪು ಸದ್ಯಕ್ಕೆ ಅಲ್ಲಿನ ದೊಡ್ಡ ಸೌಲಭ್ಯ. ಬೆಟ್ಟವನ್ನು ನೋಡಿಕೊಳ್ಳುವ ಪ್ರಾಧಿಕಾರದ ಹುಂಡಿ ಎಣಿಕೆ ತಿಂಗಳು ತಿಂಗಳೂ ಪತ್ರಿಕೆಯಲ್ಲಿ ಬರುತ್ತದೆ, ಚಿನ್ನವೆಷ್ಟು, ಬೆಳ್ಳಿಯೆಷ್ಟು, ಚಿಲ್ಲರೆಯೆಷ್ಟು ಎಂಬವರೆಗೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಲು ಹೊಸ ಕಾನೂನೇನೂ ಬೇಕಾಗಿಲ್ಲ: ಆ ತಿಂಗಳು ಇಂಡಿಗನತ್ತ ಮತ್ತು ಸುತ್ತಲಿನ ಮೆಂದಾರೆ, ತುಳಸಿಕೆರೆ, ಪಡಸಲನತ್ತಗಳಿಗೆ ಹೋದದ್ದೆಷ್ಟು.